ನಾಟಕ ಬಿಟ್ಟದ್ದು ಮನೆಯ ಕಷ್ಟಕ್ಕೋ, ಅಂಜಿಕೆಗೋ? ಶಿಷ್ಯೆಗೆ ನಾನು ಏನು ಹೇಳಲಿ?

ಪ್ರಶ್ನೆ: ಮಲೆನಾಡಿನ ಕನ್ನಡ ಮೇಷ್ಟ್ರು

ಮಾನ್ಯರೆ,

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 26 ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಅದಕ್ಕೂ ಮೊದಲು, 1995ರಲ್ಲಿ, ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ ಸೇರಿ ಅಲ್ಲಿಯ ಕಲಿಕೆ ಮುಗಿಸಿದೆ. ಆಮೇಲೆ ಎರಡು ವರ್ಷ ತಿರುಗಾಟದ ತಂಡದಲ್ಲಿ ನಟನಾಗಿ ಊರೂರು ಸುತ್ತಿದೆ. ಮಳೆಗಾಲವೆಲ್ಲ ತಾಲೀಮು, ಮಳೆ ಬಿಟ್ಟ ಮೇಲೆ ಪ್ರಯಾಣ, ದಿನಕ್ಕೊಂದು ಊರಿನಲ್ಲಿ ಬೆಳಕಿನ ದೀಪಗಳನ್ನು ಕಟ್ಟಿ, ನಾಟಕ ಆಡಿ, ನಡುರಾತ್ರಿ ಮತ್ತೆ ಎಲ್ಲವನ್ನೂ ಬಿಚ್ಚಿ ಗಾಡಿಗೆ ತುಂಬುವುದು ನಮ್ಮ ದಿನಚರಿಯಾಗಿತ್ತು. ಬಣ್ಣ ಹಚ್ಚಿದ ನಟನೇ ಪೆಟ್ಟಿಗೆಯನ್ನೂ ಹೊರಬೇಕೆನ್ನುವುದನ್ನು ನಾನು ಕಲಿತದ್ದು ಅಲ್ಲಿ.

1998ರಲ್ಲಿ ಅದನ್ನು ಬಿಟ್ಟು ಬಿ.ಇಡಿ. ಸೇರಿದೆ. ಏಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಈವರೆಗೆ ಒಂದೇ ಉತ್ತರ ಹೇಳುತ್ತಾ ಬಂದಿದ್ದೇನೆ: ತಂದೆಗೆ ಪಾರ್ಶ್ವವಾಯು ಬಡಿದಿತ್ತು, ಮನೆಯಲ್ಲಿ ದುಡಿಯುವವರು ಬೇಕಾಗಿತ್ತು. ಇದು ಸುಳ್ಳಲ್ಲ. ತಂದೆಯವರು ಹಾಸಿಗೆ ಹಿಡಿದದ್ದು ನಿಜ, ತೋಟದ ಮೇಲೆ ಸಾಲವಿದ್ದದ್ದೂ ನಿಜ. ಆದರೆ ಅದೇ ಹೊತ್ತಿಗೆ ನಡೆದ ಇನ್ನೊಂದು ಸಂಗತಿಯನ್ನು ನಾನು ಹೆಂಡತಿಗೂ ಹೇಳಿಲ್ಲ.

ಎರಡನೆಯ ವರ್ಷದ ತಾಲೀಮಿನಲ್ಲಿ ನನಗೆ ದೂತನ ಪಾತ್ರವಿತ್ತು. ಸುಟ್ಟುಹೋದ ಹಳ್ಳಿಯೊಂದನ್ನು ಕಣ್ಣಾರೆ ಕಂಡು ಬಂದು ವರದಿ ಮಾಡುವ ಮೂರು ವಾಕ್ಯಗಳು, ಅಷ್ಟೆ. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ನನ್ನ ದನಿ ಕೊನೆಯ ಸಾಲಿಗೆ ಸ್ಪಷ್ಟವಾಗಿ ಮುಟ್ಟುತ್ತಿತ್ತು, ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಒಂದು ದಿನ ನನಗೆ ಜ್ವರ ಬಂದು ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾಗ, ಗೆಳೆಯನೊಬ್ಬ ನನ್ನ ಬದಲಿಗೆ ನಿಂತು ಆ ಮೂರು ವಾಕ್ಯಗಳನ್ನು ಹೇಳಿದ. ಅವನಿಗೆ ಮಾತು ಪೂರ್ತಿ ಬಾಯಿಗೆ ಬಂದಿರಲಿಲ್ಲ, ಎರಡು ಕಡೆ ತಡವರಿಸಿದ. ಆದರೂ ಅವನು ಮಾತಾಡಿದಾಗ ನನಗೆ ಆ ಹಳ್ಳಿ ಕಂಡಿತು, ಮೂರು ವಾರ ನಾನು ಹೇಳಿದಾಗ ಒಮ್ಮೆಯೂ ಕಂಡಿರಲಿಲ್ಲ. ನಾನು ಸಾಧಾರಣ ನಟ ಎಂಬುದು ಕಂಬಳಿಯೊಳಗೆ ಕೂತ ನನಗೆ ಅವತ್ತು ಗೊತ್ತಾಯಿತು. ಊರಿನಿಂದ ಕಾಗದ ಬಂದದ್ದು ಅದಾದ ಮೇಲೆ. ಕಾಗದ ಓದಿದಾಗ ದುಃಖದ ಜೊತೆಗೆ ಒಂದು ನಿರಾಳವೂ ಆಯಿತು, ಇನ್ನು ನಾನು ಹೋಗಬಹುದು ಎಂಬ ನಿರಾಳ.

ಈಗ ಇದನ್ನು ಬರೆಯಲು ಕಾರಣವಿದೆ. ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಅಭಿನಯಿಸುತ್ತಿದ್ದ ನನ್ನ ಹಳೆಯ ಶಿಷ್ಯೆಯೊಬ್ಬಳು ಬಿ.ಎ. ಮುಗಿಸಿದ್ದಾಳೆ, ನಾಟಕ ಕಲಿಯಲು ಹೆಗ್ಗೋಡಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಅವಳ ತಂದೆ ನನ್ನ ಬಳಿ ಬಂದು, "ಮೇಷ್ಟ್ರೇ, ನೀವೇ ಆ ದಾರಿಯಲ್ಲಿ ಹೋಗಿ ತಿರುಗಿ ಬಂದವರು, ನೀವು ಹೇಳಿದರೆ ಕೇಳುತ್ತಾಳೆ, ಬೇಡ ಅನ್ನಿ" ಎಂದು ಕೈಮುಗಿದರು. ನಾನು ಬೇಡವೆಂದರೆ ಅದು ಅವಳ ಹಿತಕ್ಕೋ, ಅಥವಾ ನನ್ನ ಅಂಜಿಕೆಯನ್ನು ಅವಳ ತಲೆಗೆ ಕಟ್ಟಿದಂತೆಯೋ ತಿಳಿಯದೆ ತೊಳಲುತ್ತಿದ್ದೇನೆ. ಕಲೆಯ ದಾರಿಯಲ್ಲಿ ಉಳಿದವರು, ಬಿಟ್ಟವರು ಇಬ್ಬರೂ ಇಲ್ಲಿದ್ದೀರಿ. ಬಿಟ್ಟಾಗ ನಿಮಗಿದ್ದ ನಿಜವಾದ ಕಾರಣ ಯಾವುದು, ಉಳಿದವರಿಗೆ ತಮ್ಮ ಯೋಗ್ಯತೆಯ ಬಗ್ಗೆ ನನಗಿದ್ದ ಅನುಮಾನ ಎಂದಾದರೂ ತೀರಿತೇ, ದಯವಿಟ್ಟು ತಿಳಿಸಿ.

ಉತ್ತರ 1: ರಂಗದ ಮೇಲೇ ಉಳಿದವಳು

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲ, ತೀರಲಿಲ್ಲ. ನಾನು ನಾಟಕಕ್ಕೆ ಬಂದು 28 ವರ್ಷವಾಯಿತು. ಹೊಸ ಪಾತ್ರ ಕೈಗೆ ಬಂದಾಗಲೆಲ್ಲ ಮೊದಲ ಹತ್ತು ದಿನ ಇದು ನನ್ನಿಂದಾಗದು ಎಂದೇ ಅನ್ನಿಸುತ್ತದೆ. ನೀವು ಕಂಬಳಿ ಹೊದ್ದು ಕಂಡುಕೊಂಡದ್ದನ್ನು ನಾವೆಲ್ಲ ಒಂದಲ್ಲ ಒಂದು ದಿನ ವಿಂಗ್ಸಿನಲ್ಲಿ ನಿಂತು ಕಂಡುಕೊಂಡವರೇ. ನಿಮ್ಮ ಮಾತಿನಲ್ಲಿ ನಾನು ಒಪ್ಪದಿರುವುದು ಒಂದೇ. 24ನೆಯ ವಯಸ್ಸಿನಲ್ಲಿ ಸಾಧಾರಣವಾಗಿದ್ದವರು 40ನೆಯ ವಯಸ್ಸಿನಲ್ಲೂ ಸಾಧಾರಣವಾಗಿಯೇ ಇರುತ್ತಾರೆಂದು ನೀವು ಲೆಕ್ಕ ಹಾಕಿದ್ದೀರಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ನನಗೆ ರಂಗದ ಮೇಲೆ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಮಾತು ಬಂದರೆ ಕೈ ಸೀರೆಯ ಸೆರಗು ಹುಡುಕುತ್ತಿತ್ತು, ಮೌನವಿದ್ದರೆ ಒಂದು ಕೈ ಇನ್ನೊಂದನ್ನು ಹಿಡಿದುಕೊಳ್ಳುತ್ತಿತ್ತು. ಹಿರಿಯ ನಟಿಯೊಬ್ಬರು ಇದನ್ನು ನೋಡಿ, ಅಡುಗೆಮನೆಯಿಂದ ಒಂದು ಮೊರ ತಂದು ಕೈಗೆ ಕೊಟ್ಟು, ಈ ನಾಟಕದ ತಾಲೀಮು ಮುಗಿಯುವವರೆಗೆ ಅಕ್ಕಿ ಕೇರುತ್ತಲೇ ಮಾತಾಡು ಎಂದರು. ನನ್ನದು ರಾಣಿಯ ಪಾತ್ರ. ಒಂದು ತಿಂಗಳು ರಾಣಿ ಅಕ್ಕಿ ಕೇರಿದಳು. ಪ್ರದರ್ಶನಕ್ಕೆ ಎರಡು ದಿನವಿದ್ದಾಗ ಮೊರವನ್ನು ತೆಗೆದುಕೊಂಡರು. ಮೊರ ಹೋದರೂ ಅದರ ಭಾರ ಕೈಯಲ್ಲಿ ಉಳಿದಿತ್ತು, ಕೈಗಳು ಸುಮ್ಮನೆ ಇರುವುದನ್ನು ಕಲಿತಿದ್ದವು. ಇಂಥದ್ದು ಎರಡು ವರ್ಷಕ್ಕೆ ಸಿಗುವುದಿಲ್ಲ, ಹತ್ತು ವರ್ಷ ಉಳಿದರೆ ಒಂದೆರಡು ಸಲ ಸಿಗುತ್ತದೆ. ನಿಮಗೆ ಯೋಗ್ಯತೆ ಇತ್ತೋ ಇಲ್ಲವೋ ನಾನು ಹೇಳಲಾರೆ, ಆದರೆ ಅದು ತೀರ್ಮಾನವಾಗುವ ಮೊದಲೇ ನೀವು ಹೊರಟಿರಿ ಎಂದು ಮಾತ್ರ ಹೇಳಬಲ್ಲೆ.

ಇನ್ನು ಆ ಹುಡುಗಿಯ ತಂದೆಯ ಅಂಜಿಕೆಯನ್ನು ತಳ್ಳಿಹಾಕಬೇಡಿ, ಅದು ಅನ್ನದ ಅಂಜಿಕೆ. ಸರ್ಕಾರ 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಆರಂಭಿಸಿ ಬಿ.ವಿ. ಕಾರಂತರ ಕೈಗೆ ಒಪ್ಪಿಸಿದಾಗ, ತಿಂಗಳ ಸಂಬಳ ಪಡೆದು ಪೂರ್ಣಕಾಲ ನಾಟಕ ಮಾಡಬಹುದೆಂಬ ನಂಬಿಕೆ ಕನ್ನಡದಲ್ಲಿ ಗಟ್ಟಿಯಾಯಿತು. ಮುಂದೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ರಂಗಾಯಣಗಳಾದವು. ಆದರೆ ಅಲ್ಲಿಯ ಸ್ಥಾನಗಳು ಬೆರಳೆಣಿಕೆಯವು. ನನ್ನಂತೆ ಹೊರಗಿರುವವರು ಬೇಸಿಗೆಯ ಮಕ್ಕಳ ಶಿಬಿರ, ಶಾಲಾ ಕಾಲೇಜುಗಳ ನಾಟಕ, ಆಗೀಗ ಒಂದು ಧಾರಾವಾಹಿ, ಹೀಗೆ ಕೂಡಿಸಿ ವರ್ಷ ತಳ್ಳುತ್ತೇವೆ. ಒಮ್ಮೆ ನನಗೆ ದೊಡ್ಡ ಧಾರಾವಾಹಿಯೊಂದರಲ್ಲಿ ತಾಯಿಯ ಪಾತ್ರಕ್ಕೆ ಕರೆ ಬಂದಿತ್ತು, ತಿಂಗಳಿಗೆ 20 ದಿನ ಚಿತ್ರೀಕರಣ. ಆಗ ಕೈಯಲ್ಲಿದ್ದ ನಾಟಕವನ್ನು ಬಿಡಲಾರದೆ ಅದನ್ನು ಬೇಡವೆಂದೆ. ಆ ನಾಟಕ ಒಂಬತ್ತು ಪ್ರದರ್ಶನಗಳಿಗೆ ನಿಂತಿತು. ಧಾರಾವಾಹಿ ಆರು ವರ್ಷ ಓಡಿತು. ಬಾಡಿಗೆ ಕಟ್ಟುವ ದಿನ ಆ ಆರು ವರ್ಷ ನೆನಪಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಾಟಕ ಕಲಿತದ್ದು ಶಾಲೆಯಲ್ಲಿ ವ್ಯರ್ಥವಾಯಿತೆಂಬ ಧ್ವನಿ ನಿಮ್ಮ ಬರಹದಲ್ಲಿದೆ. ಬಿ.ವಿ. ಕಾರಂತರು ಬಾಲಕನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಗುಬ್ಬಿ ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳಿಸಿದರು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಮೇಲೂ ಅವರು ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದ್ದಾರೆ. ಮಕ್ಕಳ ಜೊತೆಗಿನ ಆ ಕೆಲಸವನ್ನು ಅವರು ಕೊನೆಯವರೆಗೂ ಕೈಬಿಡಲಿಲ್ಲ. ನಿಮ್ಮ ಶಾಲೆಯಿಂದ ಒಬ್ಬಳು ಹುಡುಗಿ ಹೆಗ್ಗೋಡಿನ ಹೆಸರು ಹಿಡಿದು ಹೊರಟಿದ್ದಾಳೆ ಎಂದರೆ ಅಲ್ಲಿ ಏನೋ ಕೆಲಸ ನಡೆದಿದೆ.

ಉತ್ತರ 2: ಮುಂಬಯಿಯ ಕಥೆಗಾರ

ಬರವಣಿಗೆಯವರು ಈ ವಿಷಯದಲ್ಲಿ ಅದೃಷ್ಟವಂತರೆಂದು ನನಗೆ ಅನ್ನಿಸುತ್ತದೆ. ಮಾಸ್ತಿಯವರು ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. 1943ರಲ್ಲಿ ಮೇಲಿನ ಹುದ್ದೆ ತಮಗಿಂತ ಕಿರಿಯರಿಗೆ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದು, ಉಳಿದ ನಾಲ್ಕು ದಶಕ ಬರೆದರು. ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುತ್ತಲೇ ಕನ್ನಡದ ಮನೆಮನೆಗೆ ಬೇಕಾದ ಕವಿಯಾದರು. ನಮ್ಮ ಮುಂಬಯಿಯಲ್ಲಿ ಯಶವಂತ ಚಿತ್ತಾಲರು ಪಾಲಿಮರ್ ವಿಜ್ಞಾನಿಯಾಗಿ ಉದ್ಯೋಗ ಮಾಡುತ್ತಾ, ಬಿಟ್ಟುಬಂದ ಹನೇಹಳ್ಳಿಯನ್ನು ಬಾಂದ್ರಾದ ಮನೆಯಲ್ಲಿ ಕೂತು ಬರೆದರು. ಕಥೆ ರಾತ್ರಿ ಹನ್ನೊಂದು ಗಂಟೆಗೂ ಕಾಯುತ್ತದೆ, ಅದಕ್ಕೆ ಒಂದು ಮೇಜು ಸಾಕು. ನಾಟಕಕ್ಕೆ ಹತ್ತು ಜನ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಬೇಕು. ನಾನು ಬ್ಯಾಂಕಿನ ಕೆಲಸ ಮಾಡುತ್ತಾ 31 ಕಥೆ ಬರೆದಿದ್ದೇನೆ. ಬ್ಯಾಂಕು ಬಿಟ್ಟಿದ್ದರೆ ನೂರು ಬರೆಯುತ್ತಿದ್ದೆ ಎಂದು ಯೌವನದಲ್ಲಿ ಹೇಳಿಕೊಳ್ಳುತ್ತಿದ್ದೆ. ಸ್ವಯಂನಿವೃತ್ತಿ ಪಡೆದು ಈಗ ನಾಲ್ಕು ವರ್ಷವಾಗಿದೆ, ಇಡೀ ದಿನ ನನ್ನದೇ. ಈ ನಾಲ್ಕು ವರ್ಷದಲ್ಲಿ ಬರೆದದ್ದು ಎರಡು ಕಥೆ. ನನಗೆ ಕೊರತೆಯಿದ್ದದ್ದು ವೇಳೆಯದ್ದಲ್ಲ ಎಂಬುದನ್ನು ತಿಳಿಯಲು ಕೆಲಸ ಬಿಡಬೇಕಾಯಿತು, ಹಾಗಾಗಿ ನಿಮ್ಮ ತಂದೆಯವರ ಕಾಯಿಲೆಯ ಉತ್ತರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಉತ್ತರ 3: ಗಾಂಧಿನಗರದ ಬ್ಯಾನರ್ ಕಲಾವಿದ

ಸರ್, ನೀವು ದಾರಿ ಬಿಟ್ಟಿರಿ. ನನ್ನ ದಾರಿಯೇ ನನ್ನನ್ನು ಬಿಟ್ಟಿತು, ಆದ್ದರಿಂದ ನನ್ನ ಮಾತು ಸ್ವಲ್ಪ ಬೇರೆ.

ನಾನು 17ನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು ಸಿನಿಮಾ ಬ್ಯಾನರ್ ಬರೆಯುವ ಅಂಗಡಿ ಸೇರಿದೆ. ಆಗ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಗುರುವಾರ ರಾತ್ರಿಯೊಳಗೆ ಬ್ಯಾನರ್ ಏರಲೇಬೇಕು, ಶುಕ್ರವಾರ ಚಿತ್ರ ಬಿಡುಗಡೆ. ಒಂದು ಫೋಟೋ ಮೇಲೆ ಪೆನ್ಸಿಲಿನಿಂದ ಚೌಕ ಗೀಚಿ, ಅಷ್ಟೇ ಚೌಕಗಳನ್ನು ಬಿಳಿ ಬಳಿದ ಬಟ್ಟೆಯ ಮೇಲೆ ದಾರ ಹಿಡಿದು ಹಾಕಿ, ಒಂದೊಂದು ಚೌಕವನ್ನೂ ದೊಡ್ಡದು ಮಾಡುತ್ತಾ ಹೋಗುವುದು. ಏಣಿಯ ಮೇಲೆ ನಿಂತಾಗ ನಾಯಕನ ಮೂಗೇ ನನ್ನಷ್ಟು ಎತ್ತರ. ಹತ್ತಿರದಿಂದ ಅದು ಮುಖವೇ ಅಲ್ಲ, ಹಸಿರು, ನೇರಳೆ, ಕೆಂಪು ಬಣ್ಣದ ಪಟ್ಟೆಗಳು ಮಾತ್ರ. ಅಂಗಡಿಯ ಯಜಮಾನರು ಗಂಟೆಗೊಮ್ಮೆ ನಮ್ಮನ್ನು ಕೆಳಗಿಳಿಸಿ ರಸ್ತೆ ದಾಟಿಸುತ್ತಿದ್ದರು. ಎದುರಿನ ಫುಟ್‌ಪಾತಿನಿಂದ ತಿರುಗಿ ನೋಡಿದರೆ ಆ ಪಟ್ಟೆಗಳು ಸೇರಿ ನಗುವ ಮುಖವಾಗಿರುತ್ತಿತ್ತು, ಇಲ್ಲವೇ ಕೆಟ್ಟಿರುತ್ತಿತ್ತು. ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಅಲ್ಲಿಂದಲೇ ಗುರುತು ಹಾಕಿಕೊಂಡು ಮತ್ತೆ ಏಣಿ ಹತ್ತಬೇಕು.

ನನ್ನ ಜೊತೆಗೇ ಕೆಲಸಕ್ಕಿದ್ದ ಇಬ್ಬರು ಗೆಳೆಯರು ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆಗೆ ಸೇರಿದರು. ನನ್ನನ್ನೂ ಕರೆದರು. ವಾರದ ಕೂಲಿ ಕೈಗೆ ಬರುತ್ತಿದ್ದ ಕಾಲ, ನೂರಾರು ಜನ ದಿನವೂ ನನ್ನ ಚಿತ್ರದ ಕೆಳಗೆ ನಡೆದು ಹೋಗುತ್ತಾರೆ, ಇನ್ನು ಶಾಲೆಯೇಕೆ ಎಂದುಕೊಂಡೆ. ಹದಿನೈದು ವರ್ಷದೊಳಗೆ ಫ್ಲೆಕ್ಸ್ ಬಂತು. ನಾವು ನಾಲ್ಕು ಜನ ಮೂರು ಹಗಲು ಮಾಡುತ್ತಿದ್ದುದನ್ನು ಯಂತ್ರ ಕೆಲವೇ ಗಂಟೆಗಳಲ್ಲಿ ಮುದ್ರಿಸಿ ಕೊಟ್ಟಿತು. 2018ರಲ್ಲಿ ಹೈಕೋರ್ಟು ಬಿಗಿ ಹಿಡಿದು ನಗರದಲ್ಲಿ ಫ್ಲೆಕ್ಸ್ ನಿಷೇಧವಾದಾಗ, ಮತ್ತೆ ಬಟ್ಟೆಯ ಬ್ಯಾನರ್ ಬೇಕೆಂದು ಇಬ್ಬರು ಮೂವರು ಹುಡುಕಿಕೊಂಡು ಬಂದರು. ಆ ಹೊತ್ತಿಗೆ ನಮ್ಮ ಅಂಗಡಿಯಲ್ಲಿದ್ದ ಎಂಟು ಜನರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರು ಆಟೋ ಓಡಿಸುತ್ತಿದ್ದರು, ಉಳಿದವರ ವಿಳಾಸ ನನ್ನಲ್ಲಿರಲಿಲ್ಲ. ನನಗೆ ಏಣಿ ಹತ್ತಲು ಮೊಣಕಾಲು ಒಪ್ಪಲಿಲ್ಲ.

ಈಗ ಶಾಲೆಗಳ ಗೋಡೆಗೆ ನಕ್ಷೆ, ವರ್ಣಮಾಲೆ ಬರೆಯುತ್ತೇನೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ನಾಲ್ಕೈದು ಸಣ್ಣ ಕ್ಯಾನ್ವಾಸ್ ಒಯ್ಯುತ್ತೇನೆ. ಕಲಾಶಾಲೆಗೆ ಹೋದ ಗೆಳೆಯರಲ್ಲಿ ಒಬ್ಬನ ಚಿತ್ರಗಳು ಗ್ಯಾಲರಿಗಳಲ್ಲಿವೆ, ಇನ್ನೊಬ್ಬ ಬಣ್ಣ ಮುಟ್ಟಿ ವರ್ಷಗಳಾದವು. ನಾನೂ ಹೋಗಿದ್ದರೆ ಈ ಇಬ್ಬರಲ್ಲಿ ಯಾರಾಗುತ್ತಿದ್ದೆ ಎಂದು ಕೇಳಿಕೊಂಡರೆ ಮನಸ್ಸು ಯಾವಾಗಲೂ ಮೊದಲನೆಯವನನ್ನೇ ತೋರಿಸುತ್ತದೆ, ಎರಡನೆಯವನನ್ನು ಒಮ್ಮೆಯೂ ತೋರಿಸಿಲ್ಲ. ಹೋಗದ ದಾರಿಯನ್ನು ನಾವು ಚೌಕ ಹಾಕದೆ ಬರೆದುಕೊಳ್ಳುತ್ತೇವೆ ಸರ್, ಅದರಲ್ಲಿ ಯಾವ ಅಳತೆಯೂ ಸರಿಯಿರುವುದಿಲ್ಲ.

ಉತ್ತರ 4: ಧಾರವಾಡದ ಗಾಯಕಿ

ಗುರುಗಳೇ, ಎಲ್ಲರ ಬರಹವನ್ನೂ ಎರಡು ಸಲ ಓದಿದೆ. ಅಂಜಿ ಬಿಟ್ಟೆ ಎಂದು ನೀವು ಹೇಳಿಕೊಳ್ಳುವಾಗ, ನಿಮಗೆ ಬಿಡುವ ಅಥವಾ ಉಳಿಯುವ ಅಧಿಕಾರವಾದರೂ ಇತ್ತಲ್ಲ ಎಂದು ನನಗೆ ಅನ್ನಿಸಿತು.

ನಾನು ಹತ್ತು ವರ್ಷ ಹಿಂದೂಸ್ತಾನಿ ಗಾಯನ ಕಲಿತು, 1991ರಲ್ಲಿ ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಬಿ ಶ್ರೇಣಿ ಪಡೆದೆ. ಮರುವರ್ಷ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದೆ. ಅತ್ತೆಯ ಮನೆಯವರು ಹಾಡಬೇಡವೆಂದು ಒಂದು ದಿನವೂ ಅನ್ನಲಿಲ್ಲ, ಬಂದವರ ಮುಂದೆ ಹಾಡಿಸುತ್ತಿದ್ದರು ಕೂಡ. ಆದರೆ ನಸುಕಿನ ಐದು ಗಂಟೆಯ ಖರ್ಜದ ರಿಯಾಜಿಗೆ, ಅಂದರೆ ಮಂದ್ರ ಸ್ವರಗಳ ಅಭ್ಯಾಸಕ್ಕೆ, ಬೇಕಾದ ಹೊತ್ತು ಹನ್ನೊಂದು ಜನರ ಆ ಮನೆಯಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ಸಂಗತಿಯನ್ನು ನನಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಮನಸ್ಸಿದ್ದರೆ ಮಾರ್ಗ ಎಂಬ ಅರ್ಥದಲ್ಲಿ ಹೇಳುತ್ತಿದ್ದರು. ಆ ಮಹಾತಾಯಿಯ ಬಗ್ಗೆ ನನಗಿರುವ ಭಕ್ತಿ ದೊಡ್ಡದು, ಆದರೆ ಆ ಮಾತನ್ನು ನನ್ನ ಮುಂದೆ ಇಟ್ಟವರು ಯಾರೂ ಒಂದು ತಾಸು ನನ್ನ ಮಗುವನ್ನು ಎತ್ತಿಕೊಳ್ಳಲಿಲ್ಲ.

ಇಪ್ಪತ್ತಮೂರು ವರ್ಷದ ಮೇಲೆ ಧಾರವಾಡಕ್ಕೆ ಮರಳಿದಾಗ ಅಟ್ಟದಲ್ಲಿದ್ದ ತಂಬೂರಿಯ ಕುಂಬಳ ಬಿರುಕು ಬಿಟ್ಟಿತ್ತು. ಮಿರಜಿನ ತಂತುವಾದ್ಯದ ಓಣಿಗೆ ಒಯ್ದೆ. ಅಲ್ಲಿಯ ಕುಶಲಿಗರು ಅದನ್ನು ತಟ್ಟಿ ನೋಡಿ, ಬಿರುಕು ಮುಚ್ಚಬಹುದು, ನಾದ ಸ್ವಲ್ಪ ಬದಲಾಗುತ್ತದೆ ಎಂದು ಮೊದಲೇ ಹೇಳಿದರು. ಬದಲಾಗಿದೆ. ನನ್ನ ದನಿಯೂ ಒಂದೂವರೆ ಸ್ವರ ಕೆಳಗಿಳಿದಿದೆ. ಅದರೊಂದಿಗೇ ಆರು ಮಕ್ಕಳಿಗೆ ಕಲಿಸುತ್ತಿದ್ದೇನೆ.

ಈಗ ನಿಮ್ಮ ಶಿಷ್ಯೆಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಮಾತಿದೆ, ಅವಳ ತಂದೆಯ ಮಾತಿದೆ, ನಿಮ್ಮ ಗೆಳೆಯನ ಮೂರು ವಾಕ್ಯಗಳೂ ಇವೆ. ಆ ಹುಡುಗಿ ಏನು ಹೇಳಿದಳು ಎಂಬುದು ಒಂದು ಸಾಲಿನಷ್ಟೂ ಇಲ್ಲ. ಅವಳನ್ನು ಕೇಳಿದಿರಾ?

ಮರುನುಡಿ: ಮಲೆನಾಡಿನ ಕನ್ನಡ ಮೇಷ್ಟ್ರು

ತಾಯೀ, ಕೇಳಿರಲಿಲ್ಲ. ನಿಮ್ಮ ಕೊನೆಯ ಸಾಲು ಓದಿ ನಾಚಿಕೆಯಾಯಿತು.

ಮೊನ್ನೆ ಭಾನುವಾರ ಅವಳನ್ನು ಶಾಲೆಗೆ ಕರೆಸಿದೆ. ಅವಳ ತಂದೆಯೂ ಜೊತೆಗೆ ಬಂದರು. ನಾನು ಏನನ್ನಾದರೂ ಕೇಳುವ ಮೊದಲು, ಇಲ್ಲಿ ಬರೆದದ್ದನ್ನೇ ಅವರಿಬ್ಬರಿಗೂ ಹೇಳಿದೆ: ದೂತನ ಪಾತ್ರ, ಜ್ವರ, ಗೆಳೆಯನ ದನಿ, ಊರಿನ ಕಾಗದ. ಹಿಂದಿನ ರಾತ್ರಿ ಮನೆಯಲ್ಲೂ ಹೇಳಿದ್ದೆ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಲೆಯ ನಾಟಕದಲ್ಲಿ ಯಾರಾದರೂ ಚೆನ್ನಾಗಿ ಮಾಡಿದ ದಿನ ನೀವು ಊಟ ಮಾಡದೆ ಮಲಗುತ್ತೀರಿ, ಅದು ಏಕೆಂದು ಈಗ ತಿಳಿಯಿತು ಎಂದಳು. ನಾನು ಹಾಗೆ ಮಲಗುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಹುಡುಗಿಯನ್ನು ಕೇಳಿದೆ. ದೊಡ್ಡ ನಟಿಯಾಗಬೇಕು ಎನ್ನುತ್ತಾಳೆಂದು ನಾನು ಊಹಿಸಿದ್ದೆ. ಅವಳು ಹೇಳಿದ್ದು ಬೆಳಕಿನ ಬಗ್ಗೆ. ಹತ್ತನೆಯ ತರಗತಿಯ ನಾಟಕದಲ್ಲಿ ಕರೆಂಟು ಹೋದಾಗ ನಾನು ನಾಲ್ಕು ಲಾಟೀನುಗಳನ್ನು ವೇದಿಕೆಯ ಅಂಚಿಗೆ ಇಡಿಸಿದ್ದೆನಂತೆ. ಗೋಡೆಯ ಮೇಲೆ ಅವಳ ನೆರಳು ಅವಳಿಗಿಂತ ಮೂರು ಪಟ್ಟು ದೊಡ್ಡದಾಗಿ ಎದ್ದಿತಂತೆ. ಲಾಟೀನನ್ನು ಒಂದು ಗೇಣು ಸರಿಸಿದರೆ ನೆರಳು ಹೇಗೆ ಬೇರೆಯಾಗುತ್ತದೆ ಎಂದು ಅವಳು ಆಮೇಲೆ ಮನೆಯಲ್ಲಿ ಎಷ್ಟೋ ರಾತ್ರಿ ನೋಡಿದ್ದಾಳೆ. ಬೆಳಕಿನ ವಿನ್ಯಾಸ ಕಲಿಯಬೇಕು, ಅದಕ್ಕಾಗಿ ಹೋಗುತ್ತೇನೆ ಎಂದಳು. ನನಗೆ ಆ ಲಾಟೀನುಗಳ ನೆನಪೇ ಇರಲಿಲ್ಲ.

ಅನ್ನದ ಪ್ರಶ್ನೆಯನ್ನು ಅವಳ ತಂದೆ ಕೇಳಿಯೇ ಕೇಳಿದರು. ರಂಗದ ಮೇಲೇ ಉಳಿದ ತಾಯಿಯವರು ಬರೆದ ಶಿಬಿರ, ಶಾಲೆಗಳ ನಾಟಕ, ಆ ಒಂಬತ್ತು ಪ್ರದರ್ಶನದ ಸಂಗತಿ, ಬಾಡಿಗೆಯ ಮಾತು ಎಲ್ಲವನ್ನೂ ಏನೂ ಕಡಿಮೆ ಮಾಡದೆ ಓದಿ ಹೇಳಿದೆ. ಅವರು ಎದ್ದುಹೋಗಲಿಲ್ಲ. ಒಂದು ವರ್ಷದ ಖರ್ಚು ಎಷ್ಟಾಗುತ್ತದೆ, ಹೆಣ್ಣುಮಕ್ಕಳಿಗೆ ಅಲ್ಲಿ ಉಳಿಯುವ ವ್ಯವಸ್ಥೆ ಹೇಗಿದೆ ಎಂದು ವಿಚಾರಿಸಿದರು. ನಾನೇ ಜೊತೆಗೆ ಬಂದು ತೋರಿಸುತ್ತೇನೆ ಎಂದೆ.

ಬರುವ ಶನಿವಾರ ಮಧ್ಯಾಹ್ನ ಮೂವರೂ ಸಾಗರದ ಬಸ್ಸು ಹಿಡಿಯುತ್ತಿದ್ದೇವೆ. ಹೆಗ್ಗೋಡಿಗೆ ನಾನು ಹೋಗದೆ 14 ವರ್ಷವಾಯಿತು.